ಪಕ್ಕದ ಸೀಟಿನ ಬ್ರೇಕು

ಜೂನ್ ೯, ಸೋಮವಾರ

ದಿನಚರಿ ಬರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಇವತ್ತು ಮತ್ತೆ ಶುರು. ಮನೆಯಲ್ಲಿ ಯಾರೂ ನನ್ನ ಮುಖ ನೋಡುತ್ತಿಲ್ಲ, ಕಾಗದವಾದರೂ ನೋಡಲಿ.

ನಡೆದದ್ದು ಇಷ್ಟು. ಬೆಳಗಿನ ಎರಡನೆಯ ಪಾಠ ಹೆಡ್‌ಮೇಡಂ ಅವರದ್ದು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಗಂಡನಿಗೆ ಕಣ್ಣು ಮಂಜಾದ ಮೇಲೆ ಮನೆಯ ಕಾರನ್ನು ತಾವೇ ಓಡಿಸುತ್ತೇನೆಂದು ಅರವತ್ತರ ಅಂಚಿನಲ್ಲಿ ನಮ್ಮ ಡ್ರೈವಿಂಗ್ ಸ್ಕೂಲಿಗೆ ಸೇರಿದವರು. ಸ್ಟಿಯರಿಂಗ್ ಅವರ ಕೈಯಲ್ಲಿ. ನಾನು ಎಂದಿನಂತೆ ಪಕ್ಕದ ಸೀಟಿನಲ್ಲಿ. ನನ್ನ ಕಾಲ ಬಳಿ ಕಲಿಸುವವರಿಗೆಂದೇ ಇರುವ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು. ಗೋದಾಮಿನ ಹಿಂದಿನ ತಿರುವಿನಲ್ಲಿ ಸೈಕಲ್ಲಿನವರೊಬ್ಬರು ಸಿಕ್ಕರು. ಕಾರು ನಿಂತಿತು. ನಿಲ್ಲುವ ಮುನ್ನ ಬಂಪರು ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗಿ ಅವರು ಬಿದ್ದರು. ಮನೆಮನೆಗೆ ಪತ್ರಿಕೆ ಹಾಕುವವರು. ಎದ್ದು, ಮೊದಲು ಚೆಲ್ಲಿದ ಪತ್ರಿಕೆ ಆರಿಸಿಕೊಂಡು, ಆಮೇಲೆ ಮಣಿಕಟ್ಟು ಹಿಡಿದುಕೊಂಡರು.

ಅಲ್ಲೇ ನಾಲ್ಕು ಹೆಜ್ಜೆಗೆ ಸಂಚಾರ ಪೊಲೀಸರು ನಿಂತಿದ್ದರು. ಇನ್ಸ್‌ಪೆಕ್ಟರು ಬಂದು ಹೆಡ್‌ಮೇಡಂ ಅವರಿಂದ ಊದಿಸಿದರು, ಸೊನ್ನೆ. ನನ್ನಿಂದ ಊದಿಸಿದರು, ಸೊನ್ನೆ. ಕೆಮ್ಮಿನ ಔಷಧಿಗಿಂತ ಗಟ್ಟಿಯಾದದ್ದನ್ನು ಜನ್ಮದಲ್ಲಿ ಕುಡಿಯದವಳು ಇನ್ನೇನು ಊದಿಯಾಳು. ಅವರು ಯಂತ್ರ ನೋಡಿದರು, ನನ್ನನ್ನು ನೋಡಿದರು.

“ಸೊನ್ನೆ ಬಂದಿದೆ ಮೇಡಂ. ಆದ್ರೆ ನೀವು ಸರಿಯಾಗಿಲ್ಲ.”

ರಸ್ತೆಯ ಬಿಳಿ ಗೆರೆಯ ಮೇಲೆ ನಡೆಸಿದರು. ಒಂದೇ ಕಾಲಿನ ಮೇಲೆ ನಿಲ್ಲಿಸಿದರು. ವರ್ಷಗಟ್ಟಲೆ ಪಕ್ಕಕ್ಕೆ ತಿರುಚಿ ಕೂತು ಸೊಂಟ ಕಳೆದುಕೊಂಡವಳು ಎರಡು ಕಾಲಿನ ಮೇಲೆ ನಿಲ್ಲುವುದೇ ಒಂದು ಸಾಧನೆ. ಸೊಂಟಕ್ಕೆ ಮಾತ್ರೆ ತಗೊಂಡಿದ್ದೇನೆ ಎಂದು ನಾನೇ ಹೇಳಿ, ಪರ್ಸಿನಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದೆ. ಅದರ ಬೆನ್ನಿಗೆ ಅಚ್ಚಾಗಿತ್ತು: ಸೇವಿಸಿದ ಮೇಲೆ ವಾಹನ ಚಲಾಯಿಸಬಾರದು. ನಾನು ಚಲಾಯಿಸುವುದಿಲ್ಲ, ಚಲಾಯಿಸುವುದನ್ನು ಕಲಿಸುತ್ತೇನೆ ಎಂದೆ. ಇನ್ಸ್‌ಪೆಕ್ಟರು ನಗಲಿಲ್ಲ. ಹೇಳಿದ್ದನ್ನು ಹಾಗೇ ಬರೆದುಕೊಂಡರು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಸಂಜೆ ಬಿಟ್ಟರು.

ಜೂನ್ ೧೦, ಮಂಗಳವಾರ

ಅತ್ತೆಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ಕುಡಿದಿಲ್ಲ ಎಂದರೆ ಮತ್ತೆ ಕುಡಿದವರ ಕೇಸು ಯಾಕೆ ಎನ್ನುತ್ತಾರೆ. ಮಾತ್ರೆ ಎಂದರೆ, ಮಾತ್ರೆ ನಾನೂ ತಗೊಳ್ತೀನಿ, ನನ್ನನ್ನು ಯಾವ ಪೊಲೀಸೂ ಮುಟ್ಟಿಲ್ಲ ಎನ್ನುತ್ತಾರೆ. ಈ ಮನೆಯಲ್ಲಿ ಗಂಡಸರೇ ಆ ವಾಸನೆ ತಂದಿರಲಿಲ್ಲ, ತಂದಿದ್ದು ಸೊಸೆ ಎಂದು ಬಟ್ಟೆ ಮಡಚುತ್ತಾ ಬಟ್ಟೆಗೆ ಹೇಳಿದರು.

ನಮ್ಮವರು ಹೆಚ್ಚು ಮಾತಾಡಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಮಹಡಿಗಳ ನಡುವೆ ಸಿಕ್ಕಿಕೊಂಡವರ ಜೊತೆ ಹೇಗೆ ಮಾತಾಡಬೇಕೆಂದು ಅವರಿಗೆ ಗೊತ್ತು: ಗಾಬರಿಯಾಗಬೇಡಿ, ಗುಂಡಿಗಳನ್ನೆಲ್ಲ ಒತ್ತಬೇಡಿ. ನನಗೂ ಅದನ್ನೇ ಹೇಳಿದರು.

ಸ್ಕೂಲಿನ ಮಾಲೀಕರು ಕಾರಿನ ಬದಲು ಫೋನಿನ ಮುಂದೆ ಕೂರಿಸಿದ್ದಾರೆ. ಕೇಸು ಮುಗಿಯುವವರೆಗೆ ಅಷ್ಟೇ ಎಂದರು. ಎದುರು ಗೋಡೆಯ ಮೇಲೆ ನಾನೇ ಕಟ್ಟಿಕೊಟ್ಟ ಸಾಲು, ನೀಲಿ ಬಣ್ಣದಲ್ಲಿ: ಮೊದಲು ಕನ್ನಡಿ, ಆಮೇಲೆ ಮುನ್ನಡಿ. ಅದರ ಕೆಳಗೆ: ಗೇರು ತಟಸ್ಥ, ಮನಸು ಸ್ವಸ್ಥ. ನಾನು ಕಲಿಸಿದ ಎಷ್ಟೋ ಜನ ಇವತ್ತಿಗೂ ಕಾರು ಹತ್ತುವಾಗ ಇದನ್ನು ಗೊಣಗುತ್ತಾರಂತೆ.

ಒಂದು ಸಮಾಧಾನ. ಸಮಯಕ್ಕೆ ಬ್ರೇಕು ಬಿತ್ತು, ಆ ಮನುಷ್ಯ ಎದ್ದು ನಿಂತ.

ಜೂನ್ ೧೪, ಶನಿವಾರ

ವಕೀಲರನ್ನು ಕಂಡೆವು. ಕಚೇರಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ನನಗೆ ಎರಡು ರೀತಿಯಲ್ಲೂ ಅನುಕೂಲ. ವಕೀಲರು ನೆಗಡಿಯ ಮನುಷ್ಯ, ವಾಕ್ಯಕ್ಕೊಂದು ಸಲ ಮೂಗು ಒರೆಸುತ್ತಾರೆ. ಪೂರ್ಣವಿರಾಮ ಎಲ್ಲಿ ಎಂದು ಹುಡುಕಬೇಕಾಗಿಲ್ಲ.

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆದಿಡುತ್ತೇನೆ. ಊರಿನವರು ಎಲ್ಲದಕ್ಕೂ ಕುಡಿದು ಓಡಿಸಿದ ಕೇಸು ಎಂದು ಒಂದೇ ಹೆಸರಿಡುತ್ತಾರೆ. ಕಾನೂನು ಹಾಗಲ್ಲ, ಅದಕ್ಕೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಬೇರೆ ಬೇರೆ ಗುಣದ ಮಕ್ಕಳು. ಹಿರಿಯವನಿಗೆ ಅಂಕಿ ಒಂದೇ ಸಾಕು. ರಕ್ತದಲ್ಲಿ ಮದ್ಯ ಇಷ್ಟಕ್ಕಿಂತ ಹೆಚ್ಚಿದ್ದರೆ ಮುಗಿಯಿತು, ನೀವು ಎಷ್ಟೇ ನೇರ ಓಡಿಸಿರಿ, ಆತ ಕೇಳುವುದಿಲ್ಲ. ಅಂಕಿ ಕಡಿಮೆ ಬಂದರೆ ಅಷ್ಟೇ ನಿಯತ್ತಾಗಿ ಬಿಟ್ಟುಬಿಡುತ್ತಾನೆ. ಎರಡನೆಯವನಿಗೆ ಅಂಕಿ ಬೇಡ. ಮದ್ಯವೋ, ಮತ್ತೊಂದೋ, ಡಾಕ್ಟರು ಬರೆದುಕೊಟ್ಟ ಮಾತ್ರೆಯೋ, ಯಾವುದರಿಂದಲೇ ಆಗಲಿ ಗಾಡಿ ಹಿಡಿತದಲ್ಲಿಡುವ ಶಕ್ತಿ ಕುಂದಿತ್ತೇ, ಅಷ್ಟೇ ಅವನ ಪ್ರಶ್ನೆ. ಅದಕ್ಕೆ ಸಾಕ್ಷಿ ನನ್ನ ನಡಿಗೆ, ನನ್ನ ಕಣ್ಣು, ನನ್ನ ಮಾತು. ಅಂದರೆ ನನ್ನ ವಿರುದ್ಧದ ಸಾಕ್ಷಿಯನ್ನು ನಾನೇ ಮೈಮೇಲೆ ಹೊತ್ತು ತಿರುಗುತ್ತಿದ್ದೇನೆ. ಊದುವುದೇ ಇಲ್ಲ ಎಂದು ಹಟ ಹಿಡಿದರೆ ಅದಕ್ಕೇ ಇನ್ನೊಂದು ಆರೋಪವಿದೆ, ಪುಣ್ಯಕ್ಕೆ ಅದು ನನಗಿಲ್ಲ. ಇನ್ನೊಬ್ಬ ಕಿರಿಯನಿದ್ದಾನಂತೆ, ಸುಪರ್ದಿ ಎಂದು ಹೆಸರು. ಓಡಿಸದಿದ್ದರೂ ಗಾಡಿ ನಿಮ್ಮ ವಶದಲ್ಲಿತ್ತು, ನೀವು ಸ್ತಿಮಿತದಲ್ಲಿರಲಿಲ್ಲ ಎಂಬಷ್ಟೇ ಅಪರಾಧ. ಬೀಗದಕೈ ಜೇಬಿನಲ್ಲಿಟ್ಟುಕೊಂಡು ನಿಂತ ಕಾರಿನಲ್ಲಿ ಮಲಗಿದವರು ಸಿಕ್ಕಿಬೀಳುವುದು ಇವನ ಕೈಗೆ. ಸಾಧು. ಶಿಕ್ಷೆ ಕಡಿಮೆ.

ಇದರಲ್ಲಿ ಯಾರಿಗಾದರೂ ಪೆಟ್ಟಾದರೆ ಪ್ರತಿಯೊಂದೂ ಒಂದು ಮೆಟ್ಟಿಲು ಮೇಲೇರುತ್ತದೆ.

ನನ್ನ ಮೇಲೆ ಸದ್ಯಕ್ಕೆ ಎರಡನೆಯವನು. ದಾರಿಯಲ್ಲಿ ಒಂದು ಸಾಲು ಹೊಳೆಯಿತು: ಕುಡಿದವನಿಗೆ ಅಳತೆ, ನುಂಗಿದವಳಿಗೆ ನಡತೆ. ನಮ್ಮವರಿಗೆ ಹೇಳಿದೆ. ಗೋಡೆ ಮೇಲೆ ಬರೆಸಬೇಡ ಎಂದರು.

ನಾನು ಬ್ರೇಕ್ ಒತ್ತದಿದ್ದರೆ ಆ ಸೈಕಲ್ಲಿನವರ ಗತಿ ಏನಾಗುತ್ತಿತ್ತು ಎಂದು ವಕೀಲರನ್ನು ಕೇಳಿದ್ದೆ. ಅವರು ಮೂಗು ಒರೆಸಿಕೊಂಡು, ಆ ಮಾತು ಇನ್ನೊಂದು ದಿನಕ್ಕಿರಲಿ ಎಂದರು.

ಮಹಡಿ ಮೆಟ್ಟಿಲಿಗೆ ಸೊಂಟ ಹಿಡಿಯಿತು. ಒಂದು ಮಾತ್ರೆ, ಅದು ನಾಟಲಿಲ್ಲವೆಂದು ಇನ್ನೊಂದು.

ಜೂನ್ ೧೯, ಗುರುವಾರ

ಪತ್ರಿಕೆಯವರ ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಂತೆ. ಎಕ್ಸ್‌ರೇಯಲ್ಲಿ ಮೊದಲು ಕಂಡಿರಲಿಲ್ಲ, ಈಗ ಕಂಡಿದೆ. ಆರೋಪ ಒಂದು ಮೆಟ್ಟಿಲು ಮೇಲೇರಿತು.

ನಮ್ಮವರು ಹಣ್ಣು ತಗೊಂಡು ಅವರ ಮನೆಗೆ ಹೋಗಿ ಬಂದರು. ಬೈಯಲಿಲ್ಲವಂತೆ. ಎಡಗೈಯಲ್ಲಿ ಪತ್ರಿಕೆ ಎಸೆದರೆ ಎಲ್ಲ ಪಕ್ಕದ ಮನೆಗೇ ಬೀಳುತ್ತಿದೆ ಎಂದು ನಕ್ಕರಂತೆ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೨೭, ಶುಕ್ರವಾರ

ಇವತ್ತು ವಕೀಲರು ಆ ಇನ್ನೊಂದು ದಿನದ ಮಾತನ್ನು ತೆಗೆದರು. ಮೊದಲು ಬಾಗಿಲು ಹಾಕಿಸಿದರು.

“ಬ್ರೇಕ್ ಒತ್ತಿದ್ದು ನೀವೇನಾ?”

ನಾನೇ ಎಂದೆ. ಹೇಗೆ ಎಂದರು. ಹೇಗೆಂದರೆ, ಬಲಗಾಲು. ಹಿಮ್ಮಡಿ ಊರಿ, ಮುಂಗಾಲು ಪೂರ್ತಿ ಕೊಟ್ಟೆ. ಚಪ್ಪಲಿಯ ಅಟ್ಟೆಯ ಕೆಳಗೆ ಪೆಡಲಿನ ರಬ್ಬರಿನ ಗೀರುಗಳು ಗೊತ್ತಾದವು. ಕಾರು ಮುಂದಕ್ಕೆ ತೂಗಿ ನಿಂತಿತು, ಬೆಲ್ಟು ಎದೆಗೆ ಒತ್ತಿತು. ಇಷ್ಟು ವರ್ಷ ಎಷ್ಟು ಜನರ ಜೀವವನ್ನು ಈ ಕಾಲಿನಲ್ಲಿ ಹಿಡಿದು ಕೂತಿದ್ದೇನೆ, ಇದನ್ನು ಬೇರೆಯವರಿಂದ ಕೇಳಿ ತಿಳಿಯಬೇಕೇ.

ವಕೀಲರು ಪೆನ್ನು ಕೆಳಗಿಟ್ಟರು.

“ಹಾಗಾದ್ರೆ ಆ ಹೊತ್ತಿಗೆ ಗಾಡಿ ಓಡಿಸ್ತಿದ್ದೋರು ನೀವೇ ಆದ್ರಿ.”

ವಿವರಿಸಿದರು. ಸ್ಟಿಯರಿಂಗ್ ಹೆಡ್‌ಮೇಡಂ ಅವರ ಕೈಯಲ್ಲಿತ್ತು ನಿಜ. ಆದರೆ ಯಾರ ಕಾಲು ಬ್ರೇಕಿನ ಮೇಲೆ ಇಳಿಯಿತೋ ಗಾಡಿ ಆ ಕ್ಷಣ ಅವರ ಹಿಡಿತದಲ್ಲಿತ್ತು, ಅವರೂ ಚಾಲಕರೇ ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ, ನ್ಯಾಯಾಲಯ ಒಪ್ಪುತ್ತದೆ. ಸ್ತಿಮಿತವಿಲ್ಲದೆ ಚಾಲನೆ, ಅದರ ಮೇಲೆ ಮೂಳೆಯ ಪೆಟ್ಟು. ಕಲಿಸುವವರ ಪರವಾನಗಿ ಕಾರ್ಡು ಶಾಶ್ವತವಾಗಿ ರದ್ದು. ನಾನು ಏನೂ ಮುಟ್ಟದೆ ಸುಮ್ಮನೆ ಕೂತಿದ್ದೆ ಎಂದಾದರೆ ಗಾಡಿ ನನ್ನ ಸುಪರ್ದಿಯಲ್ಲಿತ್ತು ಅಷ್ಟೇ. ಕೆಲವು ತಿಂಗಳು ಅಮಾನತು, ಆಮೇಲೆ ಅರ್ಜಿ ಹಾಕಿದರೆ ಕಾರ್ಡು ಮರಳಿ ಸಿಗುತ್ತದೆ.

“ಅಂದ್ರೆ ನನ್ನ ಕೆಲಸ ಮಾಡಿದ್ರೆ ದೊಡ್ಡ ತಪ್ಪು, ಮಾಡದಿದ್ರೆ ಚಿಕ್ಕ ತಪ್ಪು.”

“ಈ ಕೇಸಲ್ಲಿ ಹಾಗೇ,” ಎಂದು ಮೂಗು ಒರೆಸಿದರು. “ಇನ್ನೊಂದ್ಸಲ ಯೋಚನೆ ಮಾಡಿ. ಮನುಷ್ಯರ ನೆನಪು, ತಪ್ಪಬಹುದು.”

ಸುಳ್ಳು ಹೇಳಿ ಎಂದು ಅವರು ಹೇಳಲಿಲ್ಲ. ಸುಳ್ಳಿಗೆ ಕುರ್ಚಿ ಎಳೆದು ಹಾಕಿದರು, ಕೂರುವುದು ಬಿಡುವುದು ನನಗೆ ಬಿಟ್ಟದ್ದು. ನಾನು ಕೂರಲಿಲ್ಲ. ಕುಡುಕಿ ಅನ್ನಲಿ, ಗೊತ್ತಿಲ್ಲದವರ ಮಾತು ಎಂದು ತಳ್ಳಿಹಾಕಬಹುದು. ಒಬ್ಬರು ಕಾರಿನಡಿ ಹೋಗುವಾಗ ಪಕ್ಕದಲ್ಲಿ ಗೊಂಬೆಯಂತೆ ಕೂತಿದ್ದಳು ಎಂದು ನನ್ನ ಬಾಯಿಂದಲೇ ಹೇಳಿಸಿದರೆ ಮತ್ತೆ ಆ ಕಾರ್ಡು ಇಟ್ಟುಕೊಂಡು ಯಾರಿಗೆ ತೋರಿಸಲಿ?

ಮೆಟ್ಟಿಲು ಇಳಿಯುವಾಗ ನಮ್ಮವರು, ಒತ್ತಲಿಲ್ಲ ಅಂದುಬಿಡೇ ಎಂದರು. ಔಷಧಿ ಅಂಗಡಿಯವರು ನನ್ನನ್ನು ನೋಡಿ ಕೇಳುವ ಮೊದಲೇ ಮಾತ್ರೆಯ ಹಾಳೆ ತೆಗೆದಿಟ್ಟರು. ಒಳ್ಳೆಯ ಮನುಷ್ಯ.

ಜುಲೈ ೩, ಗುರುವಾರ

ಹಾಲು ಉಕ್ಕಿ ಒಲೆಯೆಲ್ಲ ಕೆಟ್ಟಿತು. ಒಲೆ ಮುಂದೇನೇ ನಿಂತಿದ್ಯಲ್ಲೇ ಎಂದು ಅತ್ತೆ. ಕೇಸಿನ ಯೋಚನೆಯಲ್ಲಿದ್ದೆ. ತಲೆಯಲ್ಲಿ ಇಷ್ಟು ಇಟ್ಟುಕೊಂಡವಳಿಗೆ ಹಾಲಿನ ಮೇಲೆ ಗಮನ ಎಲ್ಲಿಂದ ಬರಬೇಕು.

ನಮ್ಮವರು ಮಾತ್ರೆಯ ಡಬ್ಬಿಯನ್ನು ಬೀರುವಿನ ಮೇಲಿಟ್ಟಿದ್ದಾರೆ. ಲಿಫ್ಟಿನವರಿಗೆ ಎಲ್ಲ ಸಮಸ್ಯೆಗೂ ಎತ್ತರವೇ ಪರಿಹಾರ. ನನಗೆ ಸ್ಟೂಲು ಸಾಕು.

ಜುಲೈ ೪, ಶುಕ್ರವಾರ

ಫೋನಿನ ಮುಂದೆ ಕೂತು ಕೂತು ಸೊಂಟ ಮರದ ತುಂಡಾಗಿದೆ. ಕರೆ ಮಾಡಿದವರೊಬ್ಬರು ಏನೋ ಕೇಳಿದರು, ಬರೆದುಕೊಂಡೆ, ಈಗ ನೋಡಿದರೆ ಅಕ್ಷರ ನನಗೇ ಬಗೆಹರಿಯುತ್ತಿಲ್ಲ.

ನಮ್ಮವರು ಮಾತ್ರೆ ಡಬ್ಬಿಯನ್ನು ಬೀರುವಿನ ಮೇಲಿಟ್ಟಿದ್ದಾರೆ. ಲಿಫ್ಟಿನವರಿಗೆ ಎತ್ತರವೇ ಪರಿಹಾರ. ನನಗೆ ಸ್ಟೂಲು ಸಾಕು. ಈ ಮಾತು ಚೆನ್ನಾಗಿದೆ, ಬರೆದಿಡಬೇಕು ಅನ್ನಿಸಿತು.

ಜುಲೈ ೮, ಮಂಗಳವಾರ

ಮಾಲೀಕರು ಕರೆಸಿದರು. ಚಾಲನೆ ಎಂದು ತೀರ್ಪಾದರೆ ನನ್ನ ಕಾರ್ಡಿನ ಜೊತೆ ಸ್ಕೂಲಿನ ಪರವಾನಗಿಗೂ ಕುತ್ತು. ಅವರು ಕೆಟ್ಟವರಲ್ಲ. ನನಗೆ ಕೆಲಸ ಕೊಟ್ಟಾಗ, ಹೆಂಗಸು ಕಲಿಸಿದರೆ ಯಾರು ಬರುತ್ತಾರೆ ಎಂದವರಿಗೆಲ್ಲ, ಬಂದು ನೋಡಿ ಎಂದು ಉತ್ತರ ಕೊಟ್ಟವರು. ಇವತ್ತು ಮೇಜಿನ ಮೇಲಿನ ಗಾಜನ್ನು ಒರೆಸುತ್ತಾ, ಅಕ್ಕ, ಒಂದು ಮಾತಲ್ಲಿ ಮುಗಿಯೋದನ್ನ ಯಾಕೆ ಎಳೀತೀರಿ ಎಂದರು.

ಎಲ್ಲರಿಗೂ ನಾನು ಏನೂ ಮಾಡಿಲ್ಲ ಎನ್ನುವುದು ಬೇಕಾಗಿದೆ. ಮಾಡಿದ್ದು ನನಗೊಬ್ಬಳಿಗೇ ಬೇಕು.

ಗೋಡೆಯ ಸಾಲುಗಳಿಗೆ ಒಂದು ಹೊಸದನ್ನು ಸೇರಿಸಲು ನೋಡಿದೆ. ಬ್ರೇಕಿಗೆ ಕಾಲು, ಆಮೇಲೆ ಏನೋ ಸಾಲು. ಪಾಲು? ಸೋಲು? ಫೋನು ಬಂತು, ಬಿಟ್ಟೆ.

ಜುಲೈ ೧೭, ಗುರುವಾರ

ಹೆಡ್‌ಮೇಡಂ ಮನೆಗೆ ಬಂದಿದ್ದರು.

ಆ ದಿನದ ನಂತರ ಅವರನ್ನು ನೋಡಿರಲಿಲ್ಲ. ಇಸ್ತ್ರಿ ಮಾಡಿದ ಹತ್ತಿ ಸೀರೆ, ಪಟ್ಟಿ ಹಿಡಿದಂತೆ ನೆಟ್ಟಗಿನ ಬೆನ್ನು. ಅತ್ತೆ ಅವರಿಗಿಂತ ದೊಡ್ಡವರು, ಆದರೂ ಅವರನ್ನು ಕಂಡೊಡನೆ ಎದ್ದು ನಿಂತರು. ಪಾಠ ಒಪ್ಪಿಸದವರ ಹಾಗೆ. ಹೆಡ್‌ಮೇಡಂ ಚಹಾ ಬೇಡವೆಂದರು. ಸರ್ಕಾರಿ ವಕೀಲರು ಅವರನ್ನು ಸಾಕ್ಷಿಗೆ ಕರೆದಿದ್ದಾರಂತೆ.

“ಅಲ್ಲಿ ಹೇಳೋದನ್ನ ಮೊದಲು ನಿಮ್ಮೆದುರು ಹೇಳ್ಬೇಕು ಅಂತ ಬಂದೆ, ಟೀಚರ್. ಮಕ್ಕಳ ವಿಷಯ ಬೇರೆಯವರ ಬಾಯಿಂದ ಅವರ ತಂದೆತಾಯಿಗೆ ತಿಳೀಬಾರ್ದು ಅಂತ ನಾನು ಯಾವಾಗ್ಲೂ ಹೀಗೇ ಮಾಡ್ತಿದ್ದೆ.”

ಹೇಳಿ ಎಂದೆ.

“ಬ್ರೇಕ್ ಹಾಕಿದ್ದು ನಾನು.”

ನಾವಿಬ್ಬರೂ ಒಟ್ಟಿಗೆ ಹಾಕಿರಬಹುದು ಎಂದೆ. ಹಾಗೆ ಎಷ್ಟೋ ಸಲ ಆಗುತ್ತದೆ, ಕಲಿಯುವವರಿಗೆ ತಾವೇ ಹಾಕಿದಂತೆ ಅನ್ನಿಸುತ್ತದೆ, ಅದನ್ನು ನಾವೂ ಒಪ್ಪಿಕೊಳ್ಳುತ್ತೇವೆ, ಅವರಿಗೆ ಧೈರ್ಯ ಬರಲಿ ಎಂದು. ಅವರು ನಾನು ಮುಗಿಸುವವರೆಗೂ ಕಾದರು.

“ನೀವು ನಿದ್ದೆ ಮಾಡ್ತಿದ್ರಿ. ಬಾಯಿ ಸ್ವಲ್ಪ ತೆರೆದಿತ್ತು.”

ಅಂಚೆ ಕಚೇರಿ ದಾಟಿದ ಮೇಲೆ ನಾನು ಒಂದು ಮಾತೂ ಆಡಿರಲಿಲ್ಲವಂತೆ. ಗೇರು ಎಂದಿಲ್ಲ, ಕನ್ನಡಿ ಎಂದಿಲ್ಲ, ಪ್ರಾಸ ಹೇಳಿಲ್ಲ. ಅಷ್ಟು ದಿನದಲ್ಲಿ ನಾನು ಅವರನ್ನು ತಿದ್ದದೆ ಬಿಟ್ಟದ್ದು ಅದೇ ಮೊದಲಂತೆ.

“ನಂಗೆ ಹೆಮ್ಮೆ ಆಯ್ತು. ಟೀಚರ್ ಇವತ್ತು ನನ್ನ ಪಾಡಿಗೆ ನನ್ನ ಬಿಟ್ಟಿದ್ದಾರೆ, ಅಂದ್ರೆ ನಾನು ಕಲ್ತುಬಿಟ್ಟೆ ಅಂತ. ಮನೆಗೆ ಹೋಗಿ ಯಜಮಾನ್ರಿಗೆ ಹೇಳೋ ಮಾತು ಕೂಡ ಜೋಡಿಸ್ಕೊಂಡಿದ್ದೆ. ಗೋದಾಮಿನ ಹತ್ರ, ಎಡಕ್ಕಾ ಬಲಕ್ಕಾ ಅಂತ ಕೇಳೋಕೆ ನಿಮ್ ಕಡೆ ತಿರುಗ್ದೆ. ಆಗ ಗೊತ್ತಾಯ್ತು. ಮತ್ತೆ ರಸ್ತೆ ನೋಡೋಷ್ಟ್ರಲ್ಲಿ ಸೈಕಲ್ ಇತ್ತು.”

ನನ್ನ ಕಾಲಿಗೆ ನೆನಪಿದೆ ಮೇಡಂ ಎಂದೆ.

“ನಿಮ್ಮ ಕಾಲು ಸೀಟಿನ ಕಡೆಗೆ ಮಡಚ್ಕೊಂಡಿತ್ತು. ಮಕ್ಕಳು ಬೆಂಚಲ್ಲಿ ನಿದ್ದೆ ಮಾಡ್ತಾರಲ್ಲ, ಹಾಗೆ.”

ಅತ್ತೆ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಈ ಮನೆಗೆ ಬಂದಾಗಿನಿಂದ ಅವರು ಮಾತಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಇವತ್ತೇ.

ಹೆಡ್‌ಮೇಡಂ ಏಳುವ ಮುನ್ನ, ಇನ್ನೊಬ್ಬರ ಬಳಿ ಕಲಿಕೆ ಮುಗಿಸಿದೆ, ಪರೀಕ್ಷೆ ಪಾಸಾಯಿತು, ಆ ಮೇಷ್ಟ್ರು ಪ್ರಾಸ ಹೇಳುವುದಿಲ್ಲ ಎಂದರು. ಬೇಸರದಿಂದ ಹೇಳಿದರೋ ಸಮಾಧಾನಕ್ಕೆ ಹೇಳಿದರೋ. ಬಾಗಿಲವರೆಗೆ ಹೋಗಲು ನನಗೆ ಆಗಲಿಲ್ಲ, ಅತ್ತೆ ಹೋದರು.

ನಮ್ಮವರು ಸಂಜೆ ಬಂದು ಎಲ್ಲ ಕೇಳಿ, ಷರ್ಟನ್ನೂ ಬಿಚ್ಚದೆ ವಕೀಲರಿಗೆ ಫೋನು ಮಾಡಿದರು. ಸುಳ್ಳು ಹೇಳಬೇಕಾಗಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರೂ ಚಿಕ್ಕ ಆರೋಪವೇ ಎಂದು ಅವರ ಮುಖದಲ್ಲಿ ಎಷ್ಟೋ ವಾರದ ಮೇಲೆ ಬೆಳಕು. ವಕೀಲರಿಗೂ ಖುಷಿಯಂತೆ. ಮಾಲೀಕರಿಗೂ ತಿಳಿಸಿದರು, ಅವರಿಗೂ.

ಜುಲೈ ೧೮, ಶುಕ್ರವಾರ

ಒತ್ತಿದ್ದು ನಿಜ. ಹಿಮ್ಮಡಿ ಊರಿದ್ದು, ರಬ್ಬರಿನ ಗೀರು, ಎದೆಗೆ ಒತ್ತಿದ ಬೆಲ್ಟು, ಎಲ್ಲ ನಿಜ. ಯಾವ ದಿನದ್ದೋ, ಪಕ್ಕದಲ್ಲಿ ಯಾರಿದ್ದರೋ.

ಜುಲೈ ೨೧, ಸೋಮವಾರ

ಮಾತ್ರೆ ಬಿಟ್ಟಿದ್ದೇನೆ. ಡಬ್ಬಿಯನ್ನು ನಾನೇ ನಮ್ಮವರ ಕೈಗೆ ಕೊಟ್ಟೆ, ಉಪಕರಣದ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದರು. ಸೊಂಟದ ನೋವು ಬರುತ್ತದೆಂದು ಗೊತ್ತಿತ್ತು. ಇದು ಸೊಂಟದ್ದಲ್ಲ. ಚರ್ಮದ ಒಳಗೆ ಯಾರೋ ಓಡಾಡುತ್ತಿದ್ದಾರೆ. ಬೆವರಿಗೆ ಎರಡು ಸಲ ಸೀರೆ ಬದಲಿಸಿದೆ. ಅತ್ತೆ ಬೀಸಣಿಗೆ ಹಿಡಿದು ಕೂತಿದ್ದರು.

ಡಾಕ್ಟರ ಹತ್ತಿರ ಹೋಗಿ, ಬಿಡಲಾಗುತ್ತಿಲ್ಲ ಎಂದು ಹೇಳಿಬಿಡೋಣ ಎಂದರು ನಮ್ಮವರು. ವಕೀಲರನ್ನು ಕೇಳಿದರೆ, ಈಗ ಬೇಡ. ಚಟ ಬಿಡಿಸುವ ಚಿಕಿತ್ಸೆ ಎಂದು ಡಾಕ್ಟರು ಬರೆದರೆ ಅದು ಎದುರು ಪಕ್ಷದವರ ಕೈಗೆ ಸಿಗುತ್ತದೆ. ಡಾಕ್ಟರು ಕೊಟ್ಟ ಔಷಧಿಯಿಂದ ಅಕಸ್ಮಾತ್ ಮಂಪರು ಬಂತು ಎನ್ನುವ ನಮ್ಮ ಮಾತು ಬಿದ್ದುಹೋಗುತ್ತದೆ. ತೀರ್ಪು ಬರಲಿ, ಆಮೇಲೆ ಎಷ್ಟು ಬೇಕಾದರೂ ಚಿಕಿತ್ಸೆ ತಗೊಳ್ಳಿ ಎಂದರಂತೆ.

ಚಟ ಎಂದು ಅವರು ಹೇಳಿದ್ದೋ ನಮ್ಮವರು ಸೇರಿಸಿದ್ದೋ.

ಜುಲೈ ೨೩, ಬುಧವಾರ

ವಕೀಲರ ಕಚೇರಿಯ ಕೆಳಗಿನ ಔಷಧಿ ಅಂಗಡಿಯವರು ಒಮ್ಮೆಗೇ ಬಿಡಬಾರದು ಎಂದರು. ಔಷಧಿ ಗೊತ್ತಿರುವವರು. ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕಂತೆ. ಹಾಗೇ ಮಾಡುತ್ತೇನೆ. ನಮ್ಮವರಿಗೆ ಹೇಳಲಿಲ್ಲ, ಸುಮ್ಮನೆ ಗಾಬರಿಯಾಗುತ್ತಾರೆ.

ಜುಲೈ ೨೯, ಮಂಗಳವಾರ

ಸ್ವಲ್ಪ ಸ್ವಲ್ಪವಾಗಿ.

ವಕೀಲರು ಕೂರಿಸಿಕೊಂಡು ಅಭ್ಯಾಸ ಮಾಡಿಸಿದರು. ಆರೋಪ ಓದುತ್ತಾರೆ, ಒಪ್ಪಿಗೆಯೇ ಎಂದು ಕೇಳುತ್ತಾರೆ, ಹೌದು ಎನ್ನಬೇಕು. ಬೇರೇನೂ ಸೇರಿಸಬಾರದು. ಹೌದು, ಆದರೆ ಎನ್ನಬಾರದು. ನಾನು ಎಷ್ಟು ಜನಕ್ಕೆ ಕಲಿಸಿದ್ದೇನೆ ಎನ್ನಬಾರದು. ಅವರು ನ್ಯಾಯಾಧೀಶರಾದರು, ನಾನು ನಾನಾದೆ, ಹೌದು ಎಂದೆ. ಚೆನ್ನಾಗಿದೆ, ಸ್ವಲ್ಪ ಜೋರಾಗಿ ಎಂದರು.

ಆಗಸ್ಟ್ ೫, ಮಂಗಳವಾರ

ಮುಗಿಯಿತು.

ಬೆಳಿಗ್ಗೆ ನೆಟ್ಟಗೆ ನಿಲ್ಲಬೇಕಲ್ಲ ಎಂದು, ಇವತ್ತೊಂದು ದಿನ ಮಾತ್ರ, ಸ್ವಲ್ಪ ಹೆಚ್ಚು. ನ್ಯಾಯಾಲಯದ ಮೊಗಸಾಲೆಯಲ್ಲಿ ಉದ್ದನೆಯ ಬೆಂಚು, ನಾನು ನಮ್ಮವರ ಮತ್ತು ಅತ್ತೆಯ ನಡುವೆ. ಪತ್ರಿಕೆಯವರು ಇನ್ನೊಂದು ತುದಿಯಲ್ಲಿ ಕೂತಿದ್ದರು, ಕೈಗೆ ಪಟ್ಟಿ ಇನ್ನೂ ಇತ್ತು. ನನ್ನನ್ನು ಕಂಡು ತಲೆಯಾಡಿಸಿದರು. ನಾನೂ ಆಡಿಸಿದೆ. ಒಳಗೆ ತಂಪು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದ್ದು ನೆನಪಿದೆ.

ಮುಂದಿನದನ್ನು ನಮ್ಮವರು ಹೇಳಿದಂತೆ ಬರೆಯುತ್ತಿದ್ದೇನೆ. ಸರ್ಕಾರಿ ವಕೀಲರು ಓದಿದರಂತೆ: ವಾಹನ ಆರೋಪಿಯ ಸುಪರ್ದಿಯಲ್ಲಿತ್ತು, ಆರೋಪಿ ಸ್ತಿಮಿತದಲ್ಲಿರಲಿಲ್ಲ, ವಾಹನದ ಚಲನೆಯಲ್ಲಾಗಲಿ ಅದನ್ನು ನಿಲ್ಲಿಸುವುದರಲ್ಲಾಗಲಿ ಆರೋಪಿಯ ಪಾತ್ರವೇನೂ ಇರಲಿಲ್ಲ. ಒಪ್ಪಿಗೆಯೇ ಎಂದು ಕೇಳಿದರಂತೆ. ನಾನು ಹೌದು ಎಂದೆನಂತೆ. ನ್ಯಾಯಾಧೀಶರು ಕುರ್ಚಿ ಬೇಕೇ ಎಂದರಂತೆ, ಬೇಡ ಎಂದೆನಂತೆ. ಹೇಳಿದ್ದು ಅರ್ಥವಾಯಿತೇ ಎಂದು ಮತ್ತೆ ಕೇಳಿದರಂತೆ, ಅದಕ್ಕೂ ಹೌದು ಎಂದೆನಂತೆ. ಲೈಸೆನ್ಸು ಅಮಾನತು. ಕಾರ್ಡು ರದ್ದಾಗಲಿಲ್ಲ, ಮುಂದಿನ ವರ್ಷ ಅರ್ಜಿ ಹಾಕಬಹುದು. ವಕೀಲರು ಎಲ್ಲರ ಕೈ ಕುಲುಕಿದರಂತೆ. ಮಾಲೀಕರು ಫೋನಿನಲ್ಲೇ ಅತ್ತರಂತೆ.

ಕಣ್ಣು ಬಿಟ್ಟಾಗ ಮನೆಯ ಮಂಚದ ಮೇಲಿದ್ದೆ. ಸಂಜೆಯ ಬಿಸಿಲು ಗೋಡೆಗೆ ಬಂದಿತ್ತು. ಅತ್ತೆ ಕಾಲ ಬಳಿ ಕೂತಿದ್ದರು.

“ಅಲ್ಲಿ ನಾನು ಸರಿಯಾಗಿ ಮಾತಾಡಿದ್ನಾ ಅತ್ತೆ?”

“ಮಾತಾಡ್ದೆ. ಸ್ಪಷ್ಟವಾಗೇ ಮಾತಾಡ್ದೆ,” ಎಂದರು. “ಯಾರಿಗೂ ಏನೂ ಗೊತ್ತಾಗ್ಲಿಲ್ಲ.”

ಆಮೇಲೆ ನನ್ನ ಪಾದದಿಂದ ಚಪ್ಪಲಿ ಬಿಚ್ಚಿ, ಜೋಡಿಸಿ, ಮಂಚದ ಕೆಳಗೆ ಸರಿಸಿದರು. ಅವರು ನನ್ನ ಚಪ್ಪಲಿ ಮುಟ್ಟಬಾರದಿತ್ತು, ಹಿರಿಯರು. ಬೇಡ ಅತ್ತೆ ಎನ್ನಬೇಕಿತ್ತು. ಅಂದೆನೋ ಇಲ್ಲವೋ, ಅವರನ್ನೇ ಕೇಳಬೇಕು.